ಕೊಡದ ಪಾಸುಗಳು

ತಾಕ್ ಇಲ್‌ಹೋ ಅದೇ ದೃಶ್ಯವನ್ನು ಐದನೆಯ ಸಲ ಹಾಕಿ ನೋಡಿದ. ನಾಮ್‌ಗುಂಗ್ ಚೆಂಡನ್ನು ಜೊತೆಗಾರನಿಗೆ ದಾಟಿಸುತ್ತಾನೆ. ಜೊತೆಗಾರ ಅದನ್ನು ಒಂದು, ಎರಡು, ಮೂರು ಸಲ ನೆಲಕ್ಕೆ ಬಡಿದು, ಎದುರಾಳಿಯೊಬ್ಬನನ್ನು ತಪ್ಪಿಸಿ, ಆಮೇಲೆ ಬುಟ್ಟಿಗೆ ಹಾಕುತ್ತಾನೆ. ಅದು ಪೂರ್ತಿ ಜೊತೆಗಾರನ ಸ್ವಂತ ದುಡಿಮೆ. ಆದರೂ ಪಂದ್ಯದ ಹಾಳೆಯಲ್ಲಿ ನಾಮ್‌ಗುಂಗ್ ಹೆಸರಿಗೆ ಒಂದು ಅಸಿಸ್ಟ್, ಅಂದರೆ ಬುಟ್ಟಿಗೆ ನೇರ ಕಾರಣವಾದ ಪಾಸು, ಸೇರಿತ್ತು.

ತಾಕ್ ಮುಖ ಸಿಂಡರಿಸಿ ವಿಡಿಯೊ ನಿಲ್ಲಿಸಿದ.

ಮೊಕ್ಪೊ ಕ್ರೇನ್ಸ್ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಹದಿನೈದು ವರ್ಷ ಪಾಯಿಂಟ್ ಗಾರ್ಡ್ ಆಗಿದ್ದವನು ಅವನು. ಚೆಂಡು ತರುವುದು, ಆಟ ಕಟ್ಟುವುದು, ಬೇರೆಯವರ ಕೈಯಲ್ಲಿ ಬುಟ್ಟಿಗೆ ಹಾಕಿಸುವುದು. ಮೊದಲ ವರ್ಷವೇ ತಂಡ ಅವನನ್ನು ಬಿಟ್ಟುಬಿಡುವುದರಲ್ಲಿತ್ತು. ಹೇಗೋ ಉಳಿದುಕೊಂಡ, ಆಮೇಲೆ ತಡೆಯುವವರಿರಲಿಲ್ಲ. ಒಂದೇ ಋತುವಿನಲ್ಲಿ ನಾನೂರ ಹನ್ನೆರಡು ಅಸಿಸ್ಟ್ ಕೊಟ್ಟ ಅವನ ದಾಖಲೆ ಒಂಬತ್ತು ವರ್ಷ ಯಾರಿಗೂ ಎಟುಕಿರಲಿಲ್ಲ. ಪಂದ್ಯ ಮುಗಿದ ಮೇಲೆ ಗೋಡೆಗೆ ಅಂಟಿಸಿದ ಹಾಳೆ ನೋಡಿ, ಇಷ್ಟೊಂದು ಕೊಟ್ಟೆನೇ ಎಂದು ತಾನೇ ಬೆರಗಾದ ದಿನಗಳಿದ್ದವು.

ಈಗ ಮೂವತ್ತೇಳು. ಮಂಡಿಯಲ್ಲಿ ನೀರು. ಬೆಂಚಿನ ಮೇಲೆ ಕೂತು, ಕೂದಲಿಗೆ ಬೆಳ್ಳಿ ಬಣ್ಣ ಬಳಿದುಕೊಂಡ ನಾಮ್‌ಗುಂಗ್ ತನ್ನ ಜಾಗದಲ್ಲಿ ಕುಣಿಯುವುದನ್ನು ನೋಡಬೇಕು. ತಂಡಕ್ಕೆ ಬಂದು ಮೂರೇ ವರ್ಷವಾದ ಆ ಹುಡುಗನ ಎಲ್ಲವೂ ಹೇಸಿಗೆ ಹುಟ್ಟಿಸುತ್ತಿತ್ತು. ಜೊಲ್ಲು ಸುರಿಯುವ, ಹಲ್ಲಿಗೆ ಹಾಕುವ ರಬ್ಬರ್ ಗವಸನ್ನು ತುಟಿಯಿಂದ ನೇತಾಡಿಸುತ್ತಿದ್ದ. ಕಾಲಿನಿಂದ ಕಿತ್ತ ಒದ್ದೆ ಪಟ್ಟಿಗಳನ್ನು ಬಚ್ಚಲಲ್ಲೇ ಬಿಡುತ್ತಿದ್ದ. ಕೊನೆಯ ಪಂದ್ಯದಲ್ಲಿ ನಾನೂರ ಹದಿಮೂರನೆಯ ಅಸಿಸ್ಟ್ ಆದಾಗ ಬೆವರು ಸುರಿಸುತ್ತ ಓಡಿಬಂದು ತಾಕ್‌ನನ್ನೇ ಅಪ್ಪಿಕೊಂಡಿದ್ದ.

"ಎಲ್ಲಾ ನಿಮ್ಮನ್ನ ನೋಡೇ ಕಲ್ತಿದ್ದು ಅಣ್ಣಾ."

ತಾಕ್ ಬಚ್ಚಲಿಗೆ ಹೋಗಿ ಕುತ್ತಿಗೆಯನ್ನು ಎರಡು ಸಲ ಸೋಪು ಹಾಕಿ ತೊಳೆದಿದ್ದ.

ಹುಡುಗನಿಗಿಂತ ಅಸಹ್ಯ, ಹಾಳೆ ಬರೆಯುವ ಮುದುಕ ಬ್ಯೋನ್. ಅಂಚೆ ಕಚೇರಿಯ ಕೆಲಸದ ಜೊತೆಗೇ ಇಪ್ಪತ್ತು ವರ್ಷದಿಂದ ಮೊಕ್ಪೊದ ಪಂದ್ಯಗಳಲ್ಲಿ ಅಂಕದ ಮೇಜಿಗೆ ಕೂರುತ್ತಿದ್ದ; ಈಗ ಅಂಚೆಯಿಂದ ನಿವೃತ್ತ, ಮೇಜಿನಿಂದಲ್ಲ. ಅವನ ಕೋಟಿಗೆ ಸದಾ ಹುಳಿ ಬರಿಸಿದ ಮೀನಿನ ನಾತ. ತಾಕ್ ಎದುರಾದರೆ ಕಣ್ಣು ತಗ್ಗಿಸಿ ಗೋಡೆಗೆ ಸರಿದು ನಿಲ್ಲುತ್ತಿದ್ದ. ಕಳ್ಳನ ನಿಲುವು ಎಂದು ತಾಕ್‌ಗೆ ಈಗ ಅರ್ಥವಾಯಿತು. ನಾಮ್‌ಗುಂಗ್ ದಾಖಲೆ ಮುರಿದ ಋತುವಿನ ಹಾಳೆಗಳನ್ನು ವಿಡಿಯೊ ನೋಡಿ ಮರುಎಣಿಕೆ ಮಾಡಬೇಕೆಂದು ಬ್ಯಾಸ್ಕೆಟ್‌ಬಾಲ್ ಸಂಘಕ್ಕೆ ದೂರು ಬರೆದ.

ಮೂರನೆಯ ದಿನ ಮಧ್ಯಾಹ್ನ ಬ್ಯೋನ್ ಅಭ್ಯಾಸದ ಅಂಗಳಕ್ಕೇ ಬಂದ. ತಾಕ್ ಮಂಡಿಗೆ ಐಸ್ ಕಟ್ಟಿಕೊಂಡು ಒಬ್ಬನೇ ಕೂತಿದ್ದ. ನಾತ ಮೊದಲು ಬಂತು, ಆಮೇಲೆ ಮನುಷ್ಯ.

"ದೂರು ವಾಪಸ್ ತಗೊಳ್ಳಿ ತಾಕ್ ಅವ್ರೇ. ನನಗೋಸ್ಕರ ಕೇಳ್ತಿಲ್ಲ. ಒಂದು ಸಲ ಹಾಳೆ ತೆಗೆದ್ರೆ, ಅದು ಅಷ್ಟಕ್ಕೇ ನಿಲ್ಲಲ್ಲ."

ಅಂದರೆ ಸುಳ್ಳು ಬರೆದದ್ದು ನಿಜ ತಾನೇ ಎಂದು ತಾಕ್ ಕೇಳಿದ. ಮುದುಕ ತನ್ನ ಬೂಟುಗಳಿಗೆ ಹೇಳುವಂತೆ ಹೇಳಿದ.

"ಮೊದಲನೇ ವರ್ಷದ ಹುಡುಗ. ಮನೆಗೆ ಕಳಿಸಿಬಿಡ್ತಾರೆ ಅಂತ ಬಚ್ಚಲಲ್ಲಿ ಕೂತು ಅಳ್ತಿದ್ದ. ಕನಿಕರ ಆಯ್ತು, ಒಂದೆರಡು ಜಾಸ್ತಿ ಬರೆದೆ. ಮುಂದಿನ ಪಂದ್ಯದಲ್ಲಿ ಬೆಂಕಿ ಥರ ಆಡಿದ. ಆಮೇಲೆ ನನ್ನ ಕೈ ನಿಲ್ಲಲಿಲ್ಲ."

ನಾಮ್‌ಗುಂಗ್ ಮೊದಲ ವರ್ಷ ಬಚ್ಚಲ ಬಾಗಿಲು ಹಾಕಿಕೊಂಡು ಅತ್ತದ್ದು ತಂಡಕ್ಕೆಲ್ಲ ಗೊತ್ತಿತ್ತು. ಬೇರೆಯವರು ಮಂಡಿ ಸವೆಸಿ ಗಳಿಸಿದ್ದನ್ನು ಈ ಮುದುಕ ಪೆನ್ನಿನಲ್ಲಿ ಹಂಚಿದ್ದ, ನಾಯಿಮರಿಗೆ ಬಿಸ್ಕತ್ತು ಹಾಕಿದ ಹಾಗೆ.

"ಅವನಿಗೆ ಇದು ಗೊತ್ತಾ?"

"ಇಲ್ಲ. ಇವತ್ತಿಗೂ ಗೊತ್ತಿಲ್ಲ."

"ಗೊತ್ತಾಗತ್ತೆ," ಎಂದ ತಾಕ್. "ಎಲ್ಲರ ಮುಂದೇನೇ ಗೊತ್ತಾಗೋ ಹಾಗೆ ಮಾಡ್ತೀನಿ. ಮೊದಲು ಇಲ್ಲಿಂದ ಹೋಗಿ, ನಾತ ತಡ್ಕೊಳ್ಳೋಕಾಗ್ತಿಲ್ಲ."

ಮುದುಕ ಗೋಡೆಗೆ ಸರಿದುಕೊಂಡೇ ಹೊರಟುಹೋದ. ಅಂದು ಸಂಜೆಯೇ ತಾಕ್ ಸಂಘಕ್ಕೆ ಇನ್ನೊಂದು ಪತ್ರ ಕಳಿಸಿದ. ಒಂದು ಋತು ಸಾಲದು, ಬ್ಯೋನ್ ಮುಟ್ಟಿದ ಒಂದೇ ಒಂದು ಹಾಳೆಯನ್ನೂ ಬಿಡಬೇಡಿ ಎಂದು ಬರೆದ.

ಸಂಘದ ಮೂವರು ಎರಡು ತಿಂಗಳು ಕೂತು ಹಳೆಯ ವಿಡಿಯೊಗಳನ್ನೆಲ್ಲ ನೋಡಿದರು. ಜೂನ್‌ನಲ್ಲಿ ಸೋಲ್ ನಗರದ ಸಂಘದ ಕಚೇರಿಗೆ ಎಲ್ಲರನ್ನೂ ಕರೆದರು. ತಾಕ್ ಮೊದಲೇ ತಿಳಿಸಿದ್ದರಿಂದ ಪತ್ರಕರ್ತರೂ ತುಂಬಿದ್ದರು. ನಾಮ್‌ಗುಂಗ್ ಬೆಳ್ಳಿ ಬಣ್ಣ ತೆಗೆಸಿ, ಅಳತೆಗೆ ದೊಡ್ಡದಾದ ಸೂಟು ಹಾಕಿಕೊಂಡು ಬಂದಿದ್ದ. ಬ್ಯೋನ್ ಅದೇ ಕೋಟಿನಲ್ಲಿ ಕೊನೆಯ ಕುರ್ಚಿ ಹಿಡಿದಿದ್ದ.

ಸಂಘದ ಕಾರ್ಯದರ್ಶಿ, ಐವತ್ತು ದಾಟಿದ ಮಹಿಳೆ, ಏರಿಳಿತವಿಲ್ಲದ ದನಿಯಲ್ಲಿ ವರದಿ ಓದತೊಡಗಿದರು. ಅಲ್ಲೊಂದು ಇಲ್ಲೊಂದು ಕಣ್ತಪ್ಪು ಎಲ್ಲರ ಹಾಳೆಯಲ್ಲೂ ಇತ್ತು; ಅದನ್ನು ಕ್ಷಮಿಸಬಹುದು. ಆದರೆ ನಡೆಯದೇ ಇದ್ದ ಆರುನೂರ ಹನ್ನೊಂದು ಅಸಿಸ್ಟ್‌ಗಳನ್ನು ಬ್ಯೋನ್ ಬೇಕೆಂದೇ ಬರೆದಿದ್ದ, ಅಷ್ಟೂ ಒಬ್ಬನೇ ಆಟಗಾರನ ಹೆಸರಿಗೆ.

ಸಭೆಯಲ್ಲಿ ಗುಸುಗುಸು ಎದ್ದಿತು. ಮೂರೇ ವರ್ಷದಲ್ಲಿ ಆರುನೂರ ಹನ್ನೊಂದು! ತಾನೆಣಿಸಿದ್ದಕ್ಕಿಂತ ಹೊಲಸು ಇನ್ನೂ ಆಳಕ್ಕಿತ್ತು. ತಾಕ್ ತಿರುಗಿ ನಾಮ್‌ಗುಂಗ್ ಕಡೆ ನೋಡಿದ. ಹುಡುಗನ ಮುಖ ಬಿಳಿಚಿಕೊಂಡಿತ್ತು, ಅವನು ಕೊನೆಯ ಕುರ್ಚಿಯ ಮುದುಕನನ್ನೇ ನೋಡುತ್ತಿದ್ದ. ಮುದುಕ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಿದ್ದ.

ತಾಕ್ ಎದ್ದು ನಿಂತ. ಕ್ಯಾಮೆರಾಗಳು ಅವನತ್ತ ತಿರುಗಿದವು.

"ಹೆಸರು ಗಟ್ಟಿಯಾಗಿ ಓದಿ ಮೇಡಂ. ಎಲ್ಲರಿಗೂ ಕೇಳಿಸ್ಲಿ."

ಕಾರ್ಯದರ್ಶಿ ಕನ್ನಡಕ ತೆಗೆದು ಒಂದು ಕ್ಷಣ ಅವನನ್ನೇ ನೋಡಿದರು, ಮತ್ತೆ ಹಾಕಿಕೊಂಡರು, ಅವನು ಕೇಳಿದಂತೆ ಗಟ್ಟಿಯಾಗಿಯೇ ಓದಿದರು:

"ತಾಕ್ ಇಲ್‌ಹೋ."