ಮುಚ್ಚಿಟ್ಟ ಒಂದು ಕಾಲಂ

ಹುಬ್ಬಳ್ಳಿಯ ಒಂದು ಕಣ್ಣಿನ ಆಸ್ಪತ್ರೆ. ಅದರ ನೆಲಮಾಳಿಗೆಯಲ್ಲಿ ತಣ್ಣನೆಯ ಒಂದು ಕೋಣೆ... ಅಲ್ಲಿ ನಲವತ್ತೆರಡು ಸರ್ವರ್‌ಗಳು.

ರೋಗಿಗಳ ಫೈಲು, ಸ್ಕ್ಯಾನ್, ಆಪರೇಷನ್ ದಿನ... ಎಲ್ಲವೂ ಅವುಗಳ ಹೊಟ್ಟೆಯಲ್ಲೇ.

ರೋಹಿಣಿ ಅಲ್ಲಿ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಇನ್ನೂ ಪ್ರೊಬೇಷನ್. ಮೀಟಿಂಗ್ ಅಂದರೆ ಕೊನೆಯ ಕುರ್ಚಿ ಹುಡುಕುವ ಹುಡುಗಿ.

ಸರ್ವರ್‌ಗಳ ಮೇಲೆ ಕಣ್ಣಿಡುವ ಹೊಸ ಸಾಫ್ಟ್‌ವೇರ್‌ಗೆ ಅವೆಲ್ಲವನ್ನೂ ಸೇರಿಸುವ ಕೆಲಸ ಅವಳಿಗೆ ಬಂತು. ವಾರ್ಡಿನವು ಒಂದು ಗುಂಪು, ಲ್ಯಾಬಿನವು ಒಂದು, ನೇತ್ರ ಬ್ಯಾಂಕಿನವು ಇನ್ನೊಂದು... ಅಚ್ಚುಕಟ್ಟಾಗಿ ಜೋಡಿಸಿದಳು.

ಪ್ರತಿ ಸರ್ವರ್ ಐದು ನಿಮಿಷಕ್ಕೊಮ್ಮೆ ತನ್ನ ಸುದ್ದಿ ಕಳಿಸಬೇಕು. ಸರಿ ಇದ್ದರೆ ಹಸಿರು, ಕೆಟ್ಟರೆ ಕೆಂಪು.

ಸುದ್ದಿಯೇ ಬರದಿದ್ದರೆ? ಪರದೆಯ ಮೇಲೆ ಹಳೆಯ ಬಣ್ಣವೇ ಉಳಿಯುತ್ತಿತ್ತು. ಅದನ್ನು ತಿಳಿಯಲೆಂದೇ ಪಕ್ಕದಲ್ಲಿ 'ಕೊನೆಯ ಸುದ್ದಿ ಬಂದ ಸಮಯ' ಎಂಬ ಕಾಲಂ ಇತ್ತು.

ಮ್ಯಾನೇಜರ್ ಜಯತೀರ್ಥ ಸರ್ ಟ್ರಸ್ಟಿಗಳಿಗೆ ಆ ಪರದೆ ತೋರಿಸಬೇಕಿತ್ತು. ಅಂಕಿಗಳ ಗಿಜಿಗಿಜಿ ಬೇಡ, ನೋಡಲು ಚಂದ ಇರಲಿ ಅಂದರು.

ರೋಹಿಣಿ ಆ ಕಾಲಂ ಮುಚ್ಚಿಟ್ಟಳು... ಪರದೆ ತುಂಬ ಹಸಿರೇ ಹಸಿರು.

ಆ ಶುಕ್ರವಾರ ಆಯುಧ ಪೂಜೆ. ಹದಿನಾರು ವರ್ಷಗಳಿಂದ ಕಾಂಟ್ರಾಕ್ಟ್ ಮೇಲೆ ಸರ್ವರ್ ಕೋಣೆ ನೋಡಿಕೊಳ್ಳುತ್ತಿದ್ದ ಫಕೀರಪ್ಪ, ಪ್ರತಿವರ್ಷದಂತೆ ಒಂದೊಂದೇ ಪೆಟ್ಟಿಗೆಯ ಧೂಳು ಒರೆಸಿ, ಬಾಗಿಲಿಗೆ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಕಟ್ಟಿದ.

"ಇವಕ್ಕೂ ವರ್ಷಕ್ಕೊಮ್ಮೆ ಜಳಕ ಬೇಕಲ್ಲ ಯವ್ವಾ... ನಿನ್ನ ಸಾಫ್ಟ್‌ವೇರ್ ಬೆನ್ನು ತಿಕ್ಕತೈತೇನು?" ಅಂತ ರೋಹಿಣಿಯನ್ನು ಕಾಡಿಸಿದ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಶನಿವಾರ ದಸರಾ ರಜೆ. ಮರುದಿನ ಭಾನುವಾರ...

ಸೋಮವಾರ ಬೆಳಿಗ್ಗೆ ನೇತ್ರ ಬ್ಯಾಂಕಿನಿಂದ ಫೋನ್. ದಾನಿಯೊಬ್ಬರ ಕಣ್ಣು ಬಂದಿದೆ. ಹನ್ನೊಂದು ತಿಂಗಳಿಂದ ಕಾಯುತ್ತಿದ್ದ ನವಲಗುಂದದ ಚಂದವ್ವ ಆಪರೇಷನ್‌ಗೆ ಬಂದು ಕೂತಿದ್ದಾಳೆ. ಆದರೆ ನೇತ್ರ ಬ್ಯಾಂಕಿನ ಸರ್ವರ್‌ನಲ್ಲಿರುವ ಅವಳ ಫೈಲೇ ತೆರೆಯುತ್ತಿಲ್ಲ... ಅದನ್ನು ನೋಡದೆ ಡಾಕ್ಟರು ಕೈ ಹಚ್ಚುವಂತಿಲ್ಲ.

ರೋಹಿಣಿ ಪರದೆ ನೋಡಿದಳು. ನೇತ್ರ ಬ್ಯಾಂಕಿನ ಸರ್ವರ್ ಹಸಿರು. ನಮ್ಮ ಕಡೆ ಎಲ್ಲ ಸರಿ ಇದೆ, ನಿಮ್ಮ ಕಂಪ್ಯೂಟರ್ ಪರೀಕ್ಷಿಸಿ ಅಂದಳು.

ಅವರು ಪರೀಕ್ಷಿಸಿದರು... ಒಂದು ಗಂಟೆ... ಎರಡು ಗಂಟೆ... ಚಂದವ್ವ ಬೆಳಗಿನಿಂದ ಒಂದು ಗುಟುಕು ನೀರೂ ಕುಡಿದಿರಲಿಲ್ಲ.

ಕೊನೆಗೆ ಫಕೀರಪ್ಪ ಸರ್ವರ್ ಕೋಣೆಗೆ ಹೋಗಿ ಕೈಯಾಡಿಸಿ ನೋಡಿದ. ನೇತ್ರ ಬ್ಯಾಂಕಿನ ಸರ್ವರ್ ಹಿಂದಿನ ಕೇಬಲ್ ಅರ್ಧ ಹೊರಬಂದಿತ್ತು! ಒತ್ತಿದ ಕೂಡಲೇ ಎಲ್ಲವೂ ಸರಿಯಾಯಿತು. ಬೆಳಿಗ್ಗೆ ಆಗಬೇಕಿದ್ದ ಆಪರೇಷನ್ ಸಂಜೆ ಆಯಿತು.

ರೋಹಿಣಿ ಮುಚ್ಚಿಟ್ಟ ಕಾಲಂ ತೆರೆದಳು. ನೇತ್ರ ಬ್ಯಾಂಕಿನ ಸರ್ವರ್ ಶುಕ್ರವಾರ ಮಧ್ಯಾಹ್ನದಿಂದ ಈ ಬೆಳಗಿನವರೆಗೆ ಒಂದೇ ಒಂದು ಸುದ್ದಿ ಕಳಿಸಿರಲಿಲ್ಲ...

ತಾನು ಅದನ್ನು ತೆರೆದಿದ್ದು ಯಾರೂ ನೋಡಲಿಲ್ಲ ಅಂದುಕೊಂಡಳು.

ಮರುದಿನ ಮ್ಯಾನೇಜರ್ ಇಬ್ಬರನ್ನೂ ತಮ್ಮ ಕೋಣೆಗೆ ಕರೆಸಿ ಕೇಬಲ್ ಕಿತ್ತಿದ್ದು ಯಾರು ಎಂದು ಕೇಳಿದರು.

"ನಾನರೀ ಸರ್. ಪೂಜಿ ದಿನ ಒರಸುವಾಗ ಕೈ ತಾಗಿರಬೇಕು," ಅಂದ ಫಕೀರಪ್ಪ.

ಈ ತಿಂಗಳಿಗೆ ಕಾಂಟ್ರಾಕ್ಟ್ ಮುಗಿಯುತ್ತದೆ, ಈ ಸಲ ಮುಂದುವರಿಸುವುದಿಲ್ಲ ಎಂದರು ಮ್ಯಾನೇಜರ್. ಫಕೀರಪ್ಪ ತಲೆ ತಗ್ಗಿಸಿ ಕೈಮುಗಿದ. ಹದಿನಾರು ವರ್ಷ... ಎರಡು ನಿಮಿಷದಲ್ಲಿ ಮುಗಿದಿತ್ತು.

 ಸುಮ್ಮನಿದ್ದರೆ ರೋಹಿಣಿಯ ನೌಕರಿ ಉಳಿಯುತ್ತದೆ. ಮಾತಾಡಿದರೆ...

ಫಕೀರಪ್ಪ ಬಾಗಿಲ ತನಕ ಹೋಗಿದ್ದ.

"ಸರ್... ಕೇಬಲ್ ಸಡಿಲಾಗಿದ್ದು ಫಕೀರಪ್ಪ ಕಾಕಾನ ಕೈಯಿಂದ ಇರಬಹುದು. ಆದರ ಮೂರು ದಿನ ಅದು ಯಾರಿಗೂ ಕಾಣದಂಗ ಮಾಡಿದ್ದು ನಾನು."

ಕಾಲಂ ಮುಚ್ಚಿದ್ದು, ಹಸಿರು ನೋಡಿ ಫೋನಿನಲ್ಲಿ ಉತ್ತರ ಕೊಟ್ಟಿದ್ದು... ತಡವರಿಸುತ್ತಲೇ ಎಲ್ಲ ಹೇಳಿದಳು. ನಾಲ್ಕು ತಿಂಗಳಲ್ಲಿ ಅವಳು ಆ ಕೋಣೆಯಲ್ಲಿ ಅಷ್ಟು ಮಾತಾಡಿದ್ದು ಅದೇ ಮೊದಲು.

 ಜಯತೀರ್ಥ ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಪರದೆ ಚಂದ ಕಾಣಲಿ ಅಂದಿದ್ದು ನಾನು... ಫಕೀರಪ್ಪ, ಹೋಗಬ್ಯಾಡ್ರಿ. ಕೂಡ್ರಿ ಇಬ್ಬರೂ. ಮುಂದ ಹಿಂಗ ಆಗದಂಗ ಏನು ಮಾಡೋದು ಹೇಳ್ರಿ."

ಇಬ್ಬರ ಕೆಲಸವೂ ಉಳಿಯಿತು.

ಹೊರಗೆ ಮೆಟ್ಟಿಲ ಬಳಿ ರೋಹಿಣಿ ಕೈಮುಗಿದಳು. ನಿಮಗೆ ಗೊತ್ತಿಲ್ಲದೆ ನನ್ನ ತಪ್ಪನ್ನೂ ನೀವೇ ಹೊತ್ತಿರಿ, ಕ್ಷಮಿಸಿ ಅಂದಳು.

"ಗೊತ್ತಿತ್ತು ಬಿಡವಾ," ಅಂದ ಫಕೀರಪ್ಪ.

ಅವಳು ತಲೆಯೆತ್ತಿದಳು.

"ಕೇಬಲ್ ಹಚ್ಚಿ ಬಂದಾಗ ನಿನ್ನ ಬೆನ್ನ ಹಿಂದ ನಿಂತಿದ್ದೆ. ನೀ ಆ ಕಾಲಂ ತಗದಿದ್ದು ನೋಡಿದೆ... ಅದರಾಗ ಶುಕ್ರವಾರ ಅಂತ ಇದ್ದಿದ್ದೂ ನೋಡಿದೆ."

"ಮತ್ತ ಸರ್ ಮುಂದ ಯಾಕ ಹೇಳಲಿಲ್ಲ ಕಾಕಾ?"

"ನಾ ಇನ್ನ ದುಡಿಯೋದು ಎಷ್ಟು ವರ್ಷ? ನಿಂದು ಈಗಷ್ಟ ಶುರು ಆಗೈತಿ. ಒಂದು ತಪ್ಪಿಗೆ ನಿನ್ನ ಹೆಸರು ಕೆಡೋದು ಬ್ಯಾಡ ಅನಿಸ್ತು."

ರೋಹಿಣಿ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು... ಕಣ್ಣೀರು ನಿಲ್ಲಲಿಲ್ಲ.

ತನ್ನ ಅನ್ನವನ್ನೇ ಬಿಡಲು ಸಿದ್ಧನಾಗಿದ್ದ ಆ ಮನುಷ್ಯ, ಏನೂ ಆಗಿಲ್ಲವೆಂಬಂತೆ, ಅವಳು ಅತ್ತು ಮುಗಿಸುವ ತನಕ ಪಕ್ಕದಲ್ಲೇ ನಿಂತಿದ್ದ.

*

ತಪ್ಪನ್ನು ಒಪ್ಪಿಕೊಳ್ಳುವ ಒಂದು ಮಾತು, ಇನ್ನೊಬ್ಬರ ಬದುಕನ್ನೇ ಉಳಿಸಬಹುದು.

ಇವತ್ತು ನೀವು ಸುಮ್ಮನಿರುವುದಕ್ಕೆ ಯಾರಾದರೂ ತಲೆ ತಗ್ಗಿಸಿ ನಿಂತಿದ್ದಾರಾ... ಒಮ್ಮೆ ಯೋಚಿಸಿ ನೋಡುವಿರಾ?