ಸುಲಭವಾಗಿ ಸಾಧಿಸಬಹುದು

ಕ್ವಾಂಟಂ ಸಿದ್ಧಾಂತದಲ್ಲಿ ಪ್ರೊಫೆಸರರ ಹೆಸರಿನಲ್ಲೇ ಒಂದು ಪ್ರಮೇಯವಿತ್ತು. ಅವರಿಗೆ ಬಂದ ಹುದ್ದೆ, ಪ್ರಶಸ್ತಿ, ಹಾರತುರಾಯಿ ಎಲ್ಲ ಅದರಿಂದಲೇ. ಅವರ ಪಿಎಚ್‌ಡಿ ವಿದ್ಯಾರ್ಥಿನಿ ಅದನ್ನು ಬೋರ್ಡಿನ ಮೇಲೆ ಬಿಡಿಸುತ್ತ ನಡುವಿನ ಒಂದು ಹೆಜ್ಜೆಗೆ ಬಂದು ನಿಂತಳು.

“ಸರ್, ಇದು ಇಲ್ಲಿಂದ ಮುಂದಕ್ಕೆ ಹೋಗಲ್ಲ. ಪ್ರಮೇಯನೇ ತಪ್ಪು.”

ಪ್ರೊಫೆಸರರು ಎದ್ದು ಬಾಗಿಲು ಹಾಕಿದರು. “ಯಾರಿಗಾದ್ರೂ ಹೇಳಿದೀಯಾ?”

“ಇಲ್ಲ ಸರ್. ಆದ್ರೆ ಥೀಸಿಸ್‌ನಲ್ಲಿ ಬರೀಲೇಬೇಕಲ್ಲ.”

“ನನ್ನ ವಿದ್ಯಾರ್ಥಿಗಳಿಗೆಲ್ಲ ಮೊದಲು ಇದನ್ನೇ ಕೊಡ್ತೀನಮ್ಮ. ಒಬ್ಬರಾದ್ರೂ ಬಂದು ಹೇಳಲಿ ಅಂತ ಕಾದೆ. ನನಗಂತೂ ಧೈರ್ಯ ಬರಲಿಲ್ಲ.”

ಅವಳಿಗೆ ಹೋದ ಉಸಿರು ಬಂದಂತಾಯಿತು. “ಹಾಗಾದ್ರೆ ಇದು ಯಾರಿಗೂ ಕಾಣಲೇ ಇಲ್ವಾ ಸರ್?”

“ಎಲ್ಲರಿಗೂ ಕಾಣ್ತು. ಈ ಹೆಜ್ಜೆ ಬಂದ ತಕ್ಷಣ ‘ಮುಂದಿನದನ್ನು ಸುಲಭವಾಗಿ ಸಾಧಿಸಬಹುದು’ ಅಂತ ಬರೆದು ದಾಟಿಕೊಂಡು ಹೋದ್ರು. ಈಗ ಎಲ್ಲರೂ ದೊಡ್ಡ ಪ್ರೊಫೆಸರುಗಳು.”

“ಇರಲಿ ಸರ್, ನಾನು ಬರೀತೀನಿ.”

ಪ್ರೊಫೆಸರರು ಡಸ್ಟರನ್ನು ಅವಳತ್ತ ಚಾಚಿದರು.

“ಬರಿಯಮ್ಮ. ಆದ್ರೆ ನಿನ್ನ ಥೀಸಿಸ್ ಓದಿ ಪಾಸು ಮಾಡಬೇಕಾದೋರು ಅವರೇ.”