ಹರಸುವ ಕೈ

ಅಪ್ಪ ಆಸ್ಪತ್ರೆಯ ಹಾಸಿಗೆಯ ಬಳಿ ಬಂದದ್ದೇ ತಡ, ಗಿರಿಧರನ್ ಎದ್ದು ಕೂತು ತಲೆ ಬಾಗಿಸಿದ. "ಏಳಬೇಡಿ!" ಎಂದು ಸುಗನ್ಯಾ ಕೂಗುವಷ್ಟರಲ್ಲಿ ಗಂಡನ ಕಾಲು ಮಡಚಿಯಾಗಿತ್ತು.

ಬೆಳಿಗ್ಗೆ ಸ್ಟೆಂಟ್ ಹಾಕುವಾಗ ದುರ್ಬಲ ಹೃದಯಕ್ಕೆ ಆಸರೆಯಾಗಲೆಂದು ತೊಡೆಯ ರಕ್ತನಾಳದ ಮೂಲಕ ಪುಟ್ಟ ಪಂಪೊಂದನ್ನು ಒಳಗಿಳಿಸಿದ್ದರು. ಸಂಜೆ ಅದನ್ನು ತೆಗೆಯುವವರೆಗೆ ಆ ಕಾಲು ಮಡಚಲೇಬಾರದು, ಪಂಪ್ ಜಾರಿದರೆ ಹೃದಯ ತಾಳದು ಎಂದು ನರ್ಸ್ ಮೂರು ಸಲ ಹೇಳಿದ್ದಳು. ಆದರೆ ಅವರ ಊರು ಕೂಕಲ್ತೊರೈಯಲ್ಲಿ ಹಿರಿಯರು ಎದುರಾದರೆ ಕಿರಿಯರು ತಲೆ ಬಾಗಿಸಬೇಕು, ಹಿರಿಯರು ತಲೆಯ ಮೇಲೆ ಕೈಯಿಟ್ಟು ಹರಸಬೇಕು. ಮೂವತ್ತನಾಲ್ಕು ವರ್ಷಗಳಲ್ಲಿ ಅವನು ಒಮ್ಮೆಯೂ ತಪ್ಪಿಸಿರಲಿಲ್ಲ.

"ಬಿಡಿ ಮಾಮ, ಅವರು ಮಲಗಬೇಕು."

"ಇರಮ್ಮ, ಹರಸುವಾಗ ನಡುವೆ ನಿಲ್ಲಿಸಬಾರದು," ಎಂದ ಮಾವ ಭೋಜನ್ ಮಗನ ತಲೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು. "ಒಂದು ಸಾವಿರವಾಗಲಿ. ನೂರು ವರ್ಷ ಬಾಳು..."

ಹಾಸಿಗೆಯ ಬಟ್ಟೆ ಕೆಂಪಾಗುತ್ತಾ ಹೋಯಿತು. ಯಂತ್ರ ಕೂಗತೊಡಗಿತು. ಬಾಗಿದ ತಲೆ ಮತ್ತೆ ಮೇಲೇಳಲಿಲ್ಲ.

ನರ್ಸ್ ಓಡಿ ಬಂದಳು. "ಯಾರು ಇವರನ್ನು ಎಬ್ಬಿಸಿದ್ದು?"

"ಯಾರೂ ಎಬ್ಬಿಸಲಿಲ್ಲಮ್ಮ," ಎಂದರು ಭೋಜನ್ ಹೆಮ್ಮೆಯಿಂದ. "ನನ್ನನ್ನು ಕಂಡು ತಾನಾಗಿಯೇ ಎದ್ದ."